ಮೂರನೇ ಸಾಲನ್ನು ಉಳಿಸಿದ ಜೇನುಗಾಡಿಯ ಒಪಲ್

ಬೆಳಗಿನ ಐದೂವರೆ. ಮರುಭೂಮಿಯ ಚಳಿಗೆ ನೀರಿನ ಪೈಪುಗಳು ಸೆಟೆದುಕೊಂಡಿವೆ. ಡ್ರೈ ಕೆಟಲ್ ಆರ್‌ವಿ ಪಾರ್ಕಿನಲ್ಲಿ ತಂಗಿರುವ ಐನೂರ ಹತ್ತು ಮನೆಗಾಡಿಗಳ ಪೈಕಿ ಒಂದರಲ್ಲೂ ದೀಪವಿಲ್ಲ. ಕಾರುಗಳು ಮಾತ್ರ ಬಾನೆಟ್ ಎತ್ತಿಕೊಂಡು ನಿಂತಿವೆ. ಮುಚ್ಚಿಟ್ಟರೆ ಕಾಡು ಇಲಿಗಳು ಎಂಜಿನ್ನಿನ ಬಿಸುಪು ಹುಡುಕಿ ಬಂದು ವೈರೆಲ್ಲ ಕಡಿದು ಹಾಕುತ್ತವೆ. ಆ ಬಾಯ್ದೆರೆದ ಕಾರುಗಳ ನಡುವೆ ಒಂದು ಹಳೆಯ ಟ್ಯಾಂಕರ್ ಲಾರಿ ಗುರುಗುಟ್ಟುತ್ತ ಬಂದು, ಹಿಂದಿನ ಬಯಲಿನಲ್ಲಿ ನಿಲ್ಲುತ್ತದೆ. ಅದರಿಂದ ಇಳಿಯುವವರು ಅರವತ್ತಾರು ವರ್ಷದ ಒಪಲ್ ಹಾಸ್ಕಿನ್ಸ್.

ಮೊಣಕೈವರೆಗೆ ರಬ್ಬರ್ ಗವುಸು, ತಲೆಗೆ ಉಣ್ಣೆ ಟೋಪಿ. ದಪ್ಪ ಪೈಪನ್ನು ಹೆಗಲಿಗೆ ಹಾಕಿಕೊಂಡು ಒಂದು ಮನೆಗಾಡಿಯ ಹಿಂಬದಿಗೆ ಹೋಗಿ, ಬಗ್ಗಿ, ಜೋಡಿಸಿ, ಪಂಪು ಹಾಕುತ್ತಾರೆ. ಪೈಪಿನ ಮೇಲೆ ಅಂಗೈ ಇಟ್ಟು, ಒಳಗಿನ ಹರಿವು ಕೈಗೆ ತಿಳಿಯಲೆಂದು ಕಣ್ಣು ಮುಚ್ಚುತ್ತಾರೆ. ಒಳಗೆ ಮಲಗಿರುವವರಿಗೆ ಎಚ್ಚರವೂ ಆಗುವುದಿಲ್ಲ. ನಾಲ್ಕೇ ನಿಮಿಷದಲ್ಲಿ ಅವರ ಒಂದು ವಾರದ ಕಕ್ಕಸು ಲಾರಿಯ ಹೊಟ್ಟೆ ಸೇರಿರುತ್ತದೆ. ಈ ಲಾರಿಗೆ ಇಲ್ಲಿನವರು ಇಟ್ಟ ಹೆಸರು ಜೇನುಗಾಡಿ! ನಮ್ಮ ಜನಕ್ಕೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಒಮ್ಮೆ ಅದರ ಹಿಂದೆ ಗಾಳಿ ಬೀಸುವ ಕಡೆ ನಿಂತು ನೋಡಲಿ.

ನವೆಂಬರ್ ಬಂತೆಂದರೆ ಉತ್ತರದ ಹಿಮಕ್ಕೆ ಬೆನ್ನು ಹಾಕಿ ನಮ್ಮಂಥ ಮುದಿಹಕ್ಕಿಗಳು ಅರಿಝೋನಾದ ಈ ಮೂಲೆಗೆ ಬಂದಿಳಿಯುತ್ತವೆ. ಮಾರ್ಚ್ ಮುಗಿಯುವವರೆಗೆ ಬಿಸಿಲು, ಇಸ್ಪೀಟು, ಸಂಜೆ ನಾಲ್ಕಕ್ಕೆ ಅವರವರ ಕುರ್ಚಿ ಹೊತ್ತುಕೊಂಡು ಹೋಗಿ ಕೂರುವ ಹರಟೆ. ಮೊದಲ ಆರು ಸಾಲುಗಳಿಗೆ ಒಳಚರಂಡಿ ಉಂಟು. ಅಲ್ಲಿನವರು ಪೈಪು ಜೋಡಿಸಿಕೊಂಡು ನಿಶ್ಚಿಂತೆಯಾಗಿರಬಹುದು. ಹಿಂದಿನ ಬಯಲಿನವರಿಗೆ ಒಪಲ್ ಅವರೇ ಗತಿ. ದಿನಕ್ಕೆ ಮೂವತ್ತರಿಂದ ಮೂವತ್ತೈದು ಮನೆಗಾಡಿ, ವಾರಕ್ಕೆ ಆರು ದಿನ. ಐದು ಸಾವಿರ ಲೀಟರಿನ ಟ್ಯಾಂಕರ್ ದಿನಕ್ಕೆ ಎರಡು ಸಲ ತುಂಬುತ್ತದೆ. ಹದಿನಾಲ್ಕು ಚಳಿಗಾಲದಿಂದ ಇದೇ ಲೆಕ್ಕ.

ಅದಕ್ಕೆ ಮುಂಚೆ ಕಾನ್ಸಸ್‌ನ ಒಂದು ಸಣ್ಣ ಊರಿನ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಅಡುಗೆ ಮಾಡಿದವರು. ಅಕ್ಕನ ಜೊತೆ ಒಂದು ತಿಂಗಳು ಬಿಸಿಲು ಕಾಯಿಸಿಕೊಂಡು ಹೋಗೋಣವೆಂದು ಬಂದಾಗ, ಇಲ್ಲಿನ ಪಂಪಿನವನು ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗಿದ್ದ. ಪಾರ್ಕಿನ ಮಾಲೀಕ ಡ್ವೇನ್ ಪ್ರುಯಿಟ್ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಒಂದು ವಾರ ನೋಡ್ಕೋತೀನಿ ಅಂದೆ. ನಾನೂರು ಮಕ್ಕಳ ಎಂಜಲು ತಟ್ಟೆ ಎತ್ತಿದೋಳಿಗೆ ಇದೇನು ಮಹಾ? ಅದೂ ಊಟಾನೇ ತಾನೇ, ಸ್ವಲ್ಪ ಮುಂದಕ್ಕೆ ಹೋಗಿರುತ್ತೆ ಅಷ್ಟೆ," ಎನ್ನುತ್ತಾರೆ.

ಕೆಲಸಕ್ಕಿಂತ ಕಷ್ಟ ಜನರದ್ದು. ಲಾರಿ ಕಂಡ ಕೂಡಲೇ ಕಿಟಕಿಗಳು ಮುಚ್ಚಿಕೊಳ್ಳುತ್ತವೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಯಾರೋ 'ಕೆಲಸದ ಬಟ್ಟೆಗೆ ಅವಕಾಶವಿಲ್ಲ' ಎಂದು ಚೀಟಿ ಅಂಟಿಸಿದರು. ಹೆಸರಿಲ್ಲದಿದ್ದರೂ ಯಾರಿಗೆಂದು ಎಲ್ಲರಿಗೂ ಗೊತ್ತು. ಒಪಲ್ ಜಗಳಕ್ಕೆ ಹೋಗಲಿಲ್ಲ. ಲಾರಿಯ ಹಿಂದೆ ಒಂದು ಡ್ರಮ್ಮು ಇಟ್ಟುಕೊಂಡು ಅದರಲ್ಲೇ ಒಗೆಯುತ್ತಾರೆ. ಬಲ ಭುಜ ನೋವಿನಿಂದ ಮೇಲೇಳುವುದಿಲ್ಲವಾದ್ದರಿಂದ ಪೈಪು ಈಗ ಎಡ ಹೆಗಲಿಗೆ ಬಂದಿದೆ. ಇಲ್ಲಿನ ಸುದ್ದಿ ಬರೆಯುವ ನಾನೂ ಇವರ ಬಗ್ಗೆ ಇಷ್ಟು ವರ್ಷ ಒಂದಕ್ಷರ ಬರೆದವನಲ್ಲ. ಬರೆಯುವಂತೆ ಮಾಡಿದ್ದು ಈ ಜನವರಿಯ ಎರಡನೇ ವಾರ.

ಆ ಸೋಮವಾರ ನಮ್ಮ ಮೂರನೇ ಸಾಲಿನ ಒಳಚರಂಡಿ ಕಟ್ಟಿಕೊಂಡಿತು. ಸಾಲಿನ ತಗ್ಗಿನ ಕಡೆ ಇರುವ ಮೆರ್ವಿನ್ ಲ್ಯಾಟಿಮರ್ ಅವರ ಸ್ನಾನದ ತೊಟ್ಟಿಯಲ್ಲಿ ಬರಬಾರದ್ದೆಲ್ಲ ಉಕ್ಕಿ ಬಂತು. ಮೆರ್ವಿನ್ ಕೆನಡಾದ ಸಸ್ಕಾಚೆವಾನ್‌ನ ನಿವೃತ್ತ ಹೆಡ್‌ಮಾಸ್ಟರು. ಹೆಂಡತಿ ಐಲೀನ್ ಅವರಿಗೆ ಹಗಲು ರಾತ್ರಿ ಮೂಗಿಗೆ ಆಮ್ಲಜನಕದ ನಳಿಕೆ. ಮಧ್ಯಾಹ್ನದ ಹೊತ್ತಿಗೆ ಕೊಳೆನೀರು ನೆಲದ ಮೇಲೂ ಬಂತು. ಜಿಲ್ಲಾ ಆರೋಗ್ಯ ಅಧಿಕಾರಿ ಸಲಾಜಾರ್ ಬಂದರು. ಸಾಲಿನ ಮೇಲ್ತುದಿಯ ಮ್ಯಾನ್‌ಹೋಲಿಗೆ ಒಂದು ಬಕೆಟ್ ಹಸಿರು ಬಣ್ಣದ ನೀರು ಸುರಿದು, ಕೆಳತುದಿಯಲ್ಲಿ ಒಂದು ಗಂಟೆ ಕಾದರು. ಹಸಿರು ಬರಲೇ ಇಲ್ಲ. ಶುಕ್ರವಾರ ಮತ್ತೆ ಬರುತ್ತೇನೆ, ಆಗಲೂ ಹರಿಯದಿದ್ದರೆ ಮೂರನೇ ಸಾಲಿಗೆ ಬೀಗ ಎಂದು ಹೇಳಿ ಹೋದರು.

ಮೂರನೇ ಸಾಲೆಂದರೆ ಐವತ್ತೆರಡು ಮನೆ. ಜನವರಿಯಲ್ಲಿ ಸುತ್ತಮುತ್ತಲ ಯಾವ ಪಾರ್ಕಿನಲ್ಲೂ ಸೂಜಿ ಊರುವಷ್ಟು ಜಾಗವಿರುವುದಿಲ್ಲ. ಗಟ್ಟಿಮುಟ್ಟಾದವರು ಬಯಲಿಗೆ ಹೋಗಿ ದಿನ ದೂಡಬಹುದು. ಐಲೀನ್ ಅವರ ಆಮ್ಲಜನಕದ ಯಂತ್ರಕ್ಕೆ ಎಡೆಬಿಡದೆ ಕರೆಂಟು ಬೇಕು, ಬಯಲಿನಲ್ಲಿ ಅದಿಲ್ಲ. ಅವರ ಊರಿನಲ್ಲಿ ಅಂದು ಸೊನ್ನೆಗಿಂತ ಮೂವತ್ನಾಲ್ಕು ಡಿಗ್ರಿ ಕೆಳಗೆ. ಆ ಗಾಳಿ ಅವರ ಎದೆಗೆ ಆಗದೆಂದೇ ವೈದ್ಯರು ಇಲ್ಲಿಗೆ ಕಳಿಸಿದ್ದು. ಡ್ವೇನ್ ಕರೆಸಿದ ಗುತ್ತಿಗೆದಾರ ಪೈಪಿನೊಳಗೆ ಕ್ಯಾಮೆರಾ ಇಳಿಸಿ ನೋಡಿ, ಮುನ್ನೂರು ಮೀಟರನ್ನೂ ಅಗೆದು ಹೊಸದು ಹಾಕಬೇಕು, ಎರಡು ತಿಂಗಳ ಕೆಲಸ ಎಂದ. ಮೆರ್ವಿನ್ ಹೋಗಿ ಐಲೀನ್ ಅವರ ಬಟ್ಟೆ ಮಡಿಸಲು ಶುರು ಮಾಡಿದರು.

ಮಂಗಳವಾರ ಬೆಳಿಗ್ಗೆ ಒಪಲ್ ಟಾರ್ಚು ಹಿಡಿದು ನಮ್ಮ ಸಾಲಿನ ಪ್ರತಿ ಮನೆಗಾಡಿಯ ಕೆಳಗೂ ಬಗ್ಗಿ ನೋಡಿಕೊಂಡು ಬಂದರು. ಆಮೇಲೆ ಎಲ್ಲರನ್ನೂ ಊಟದ ಹಾಲ್‌ಗೆ ಕರೆಸಿದರು. ಹದಿನಾಲ್ಕು ವರ್ಷದಲ್ಲಿ ಅವರು ಆ ಹಾಲ್‌ನಲ್ಲಿ ನಿಂತು ಮಾತಾಡಿದ್ದು ಅದೇ ಮೊದಲು.

"ಪೈಪಿಗೇನೂ ಆಗಿಲ್ಲ. ಆಗಿರೋದು ನಿಮಗೆ," ಎಂದರು. "ಐವತ್ತೆರಡರಲ್ಲಿ ನಲವತ್ತೊಂಬತ್ತು ಮನೆಯವರು ಕಕ್ಕಸು ಟ್ಯಾಂಕಿನ ವಾಲ್ವ್ ತೆರೆದೇ ಇಟ್ಟಿದ್ದೀರಿ."

ಗಾಲಿಯ ಮೇಲಿನ ಮನೆಯನ್ನು ಊರಿನ ಮನೆಯೆಂದುಕೊಂಡವರು ಮಾತ್ರ ಮಾಡುವ ತಪ್ಪು ಇದು. ಚರಂಡಿಗೆ ಪೈಪು ಜೋಡಿಸಿಯಾಯಿತಲ್ಲ, ತೆರೆದಿಟ್ಟರೆ ಅದರ ಪಾಡಿಗೆ ಹೋಗುತ್ತಿರಲಿ ಎಂಬ ಸೋಮಾರಿತನ. ಹೋಗುವುದು ನೀರು ಮಾತ್ರ. ಗಟ್ಟಿಯದು ಅಲ್ಲಲ್ಲೇ ಕೂತು, ಮರುಭೂಮಿಯ ಒಣಹವೆಗೆ ಇಟ್ಟಿಗೆಯಾಗುತ್ತದೆ. ವಾಲ್ವ್ ಮುಚ್ಚಿಟ್ಟು, ಟ್ಯಾಂಕು ಮುಕ್ಕಾಲು ತುಂಬಿದ ಮೇಲೆ ಒಮ್ಮೆಲೇ ಅದರ ಹಿಡಿ ಎಳೆಯಬೇಕು. ಆಗ ನೀರಿನ ರಭಸ ಎಲ್ಲವನ್ನೂ ನೂಕಿಕೊಂಡು ಹೋಗುತ್ತದೆ. ನಿಜ ಹೇಳಿಬಿಡುತ್ತೇನೆ, ಆ ನಲವತ್ತೊಂಬತ್ತರಲ್ಲಿ ಮೂವತ್ತೊಂದನೇ ನಂಬರಿನ ನನ್ನದೂ ಒಂದು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದನ್ನು ಇಷ್ಟು ವಾಸನೆಯ ಸಮೇತ ನಾನು ಯಾವತ್ತೂ ಅನುಭವಿಸಿರಲಿಲ್ಲ.

ಮೆರ್ವಿನ್ ಎದ್ದು ನಿಂತರು. ತಾವು ಒಂಬತ್ತು ವರ್ಷದಿಂದ ಹೀಗೇ ಇಟ್ಟಿರುವುದಾಗಿಯೂ, ಈವರೆಗೆ ಏನೂ ತೊಂದರೆ ಆಗಿಲ್ಲವೆಂದೂ ಹೆಡ್‌ಮಾಸ್ಟರರ ಗತ್ತಿನಲ್ಲೇ ಹೇಳಿದರು.

"ಮೇಷ್ಟ್ರೇ, ಒಂಬತ್ತು ವರ್ಷ ಒಂದೇ ತಪ್ಪು ಬರೆದ ಹುಡುಗನ್ನ ನೀವು ಪಾಸ್ ಮಾಡ್ತಿದ್ರಾ?" ಎಂದು ಒಪಲ್ ಕೇಳಿದರು. ಹಾಲ್ ನಕ್ಕಿತು. ಮೆರ್ವಿನ್ ಕೂತರು. ಆಮೇಲೆ ತಾವೇ ಕೈಯೆತ್ತಿ, ಈಗ ಏನು ಮಾಡಬೇಕು ಹೇಳಿ ಎಂದು ಮೆತ್ತಗೆ ಕೇಳಿದರು.

ಮಾಡಬೇಕಾದ್ದು ಸರಳ, ಆದರೆ ಐವತ್ತೆರಡು ಮನೆಯವರೂ ಮಾಡಬೇಕು. ಎಲ್ಲರೂ ವಾಲ್ವ್ ಮುಚ್ಚಿ, ಟ್ಯಾಂಕಿಗೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಸುರಿದು ತುಂಬಿಸಿಡಬೇಕು. ಗುರುವಾರದವರೆಗೆ ಕಕ್ಕಸು, ಸ್ನಾನವೆಲ್ಲ ಪಾರ್ಕಿನ ಸಾರ್ವಜನಿಕ ಕೋಣೆಯಲ್ಲೇ. ಎಂಬತ್ತು ದಾಟಿದವರೂ ಟವೆಲ್ ಹೆಗಲಿಗೆ ಹಾಕಿಕೊಂಡು ಸಾಲಾಗಿ ನಡೆದುಹೋಗುವುದನ್ನು ನೋಡಬೇಕಿತ್ತು. ಈ ಎರಡು ದಿನವೂ ಒಪಲ್ ಬಯಲಿನ ಕೆಲಸವನ್ನು ಸೂರ್ಯ ಹುಟ್ಟುವಷ್ಟರಲ್ಲಿ ಮುಗಿಸಿ, ನಮ್ಮ ಸಾಲಿನ ಕೆಳತುದಿಯ ಮ್ಯಾನ್‌ಹೋಲಿನಿಂದ ಉದ್ದನೆಯ ಕಬ್ಬಿಣದ ಸರಳು ತೂರಿಸಿ ತಿವಿಯುತ್ತ, ಸಡಿಲವಾದದ್ದನ್ನು ಲಾರಿಗೆ ಎಳೆಯುತ್ತ ಮೇಲಕ್ಕೆ ಬಂದರು. ಡ್ವೇನ್ ಮಾತ್ರ, ಇದೆಲ್ಲ ಆಗುವ ಹೋಗುವ ಮಾತಲ್ಲ ಎಂದು ಗೊಣಗುತ್ತಲೇ ಇದ್ದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಮೂರನೇ ಸಾಲು ಯುದ್ಧಕ್ಕೆ ನಿಂತಂತೆ ನಿಂತಿತು. ಪ್ರತಿ ಮನೆಗಾಡಿಯ ಪಕ್ಕದಲ್ಲೂ ಒಬ್ಬರು ಬಗ್ಗಿ ವಾಲ್ವಿನ ಹಿಡಿಗೆ ಕೈ ಹಾಕಿದ್ದರು. ಕೆಳತುದಿಯ ಮ್ಯಾನ್‌ಹೋಲಿಗೆ ಲಾರಿಯ ಪೈಪು ಇಳಿಬಿಟ್ಟುಕೊಂಡು ಒಪಲ್. ನಡುವಿನ ಮ್ಯಾನ್‌ಹೋಲಿನ ಬಳಿ ಮಟ್ಟ ನೋಡಲು ಡ್ವೇನ್. ಲಾರಿಯ ಹಾರ್ನ್ ಒಮ್ಮೆ ಕೂಗಿದರೆ ಮೇಲಿನಿಂದ ಮೂರು ಮನೆಯವರು ಎಳೆಯಬೇಕು. ಹಾರ್ನ್ ಕೂಗಿತು. ಮೊದಲ ಮೂವರು ಎಳೆದರು. ಕೆಳಗೆ ಏನೂ ಬರಲಿಲ್ಲ. ಮತ್ತೆ ಮೂವರು. ಏನೂ ಇಲ್ಲ. ಮೂರನೇ ಸಲಕ್ಕೆ ನಡುವಿನ ಮ್ಯಾನ್‌ಹೋಲಿನಲ್ಲಿ ನೀರು ಗೇಣುಗಟ್ಟಲೆ ಏರಿತು. ಡ್ವೇನ್ ಎರಡೂ ಕೈ ಬೀಸುತ್ತ, ಸಾಕು, ನಿಲ್ಲಿಸಿ, ಉಕ್ಕಿಬಿಡುತ್ತದೆ ಎಂದು ಓಡಿ ಬಂದ.

"ಏರ್ಲಿ ಬಿಡು ಡ್ವೇನ್. ಏರಿದ್ರೇ ಅದಕ್ಕೆ ಭಾರ ಬರೋದು," ಎಂದು ಒಪಲ್ ಮತ್ತೆ ಹಾರ್ನ್ ಒತ್ತಿದರು.

ಆ ಸಲ ನೆಲದೊಳಗಿಂದ ಯಾರೋ ಆಕಳಿಸಿದಂತೆ ಸದ್ದು ಬಂತು. ನಡುವಿನ ಮ್ಯಾನ್‌ಹೋಲಿನ ನೀರು ಗುಳುಕ್ಕನೆ ಕೆಳಗಿಳಿಯಿತು. ಮರುಕ್ಷಣ ಕೆಳತುದಿಗೆ ಒಂಬತ್ತು ವರ್ಷದ ಸೋಮಾರಿತನವೆಲ್ಲ ಒಟ್ಟಿಗೇ ಬಂದು ಬಿತ್ತು. ಲಾರಿ ಏದುಸಿರು ಬಿಡುತ್ತ ಅದನ್ನು ನುಂಗಿತು. ಹಾರ್ನಿನ ಮೇಲೆ ಹಾರ್ನು, ಮೂವರ ಮೇಲೆ ಮೂವರು. ನನ್ನ ಸರದಿ ಬಂದಾಗ ನಾನೂ ಎಳೆದೆ. ಬದುಕಿನಲ್ಲಿ ಏನೇನೋ ಎಳೆದಿದ್ದೇನೆ, ಅಷ್ಟು ಸಂತೋಷ ಯಾವುದರಲ್ಲೂ ಸಿಕ್ಕಿರಲಿಲ್ಲ. ಐವತ್ತೆರಡನೆಯವರು ಎಳೆಯುವ ಹೊತ್ತಿಗೆ ಕೆಳಗೆ ಬರಿಯ ಸೋಪಿನ ನೀರು ಹರಿಯುತ್ತಿತ್ತು. ಜನ ಕೊಳೆ ಗವುಸಿನ ಕೈಯಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಶುಕ್ರವಾರ ಸಲಾಜಾರ್ ಹಸಿರು ನೀರಿನ ಬಕೆಟ್ ಹಿಡಿದು ಬಂದರು. ಅವರು ಮೇಲೆ ಸುರಿದರು. ಇಡೀ ಸಾಲು ಕೆಳತುದಿಯಲ್ಲಿ ಬಂದು ನಿಂತಿತು. ಐಲೀನ್ ಅವರನ್ನು ಕುರ್ಚಿ ಸಮೇತ ತಂದು ಕೂರಿಸಿದ್ದರು. ಐದು ನಿಮಿಷ. ಏಳು ನಿಮಿಷ. ಮೆರ್ವಿನ್ ಹೆಂಡತಿಯ ಭುಜ ಹಿಡಿದುಕೊಂಡು ನೆಲ ನೋಡುತ್ತಿದ್ದರು. ಒಂಬತ್ತನೇ ನಿಮಿಷಕ್ಕೆ ಮ್ಯಾನ್‌ಹೋಲಿನ ತಳದಲ್ಲಿ, ಹೊಸ ಹುಲ್ಲಿನ ಬಣ್ಣದ ಒಂದು ಎಳೆ ಕಾಣಿಸಿತು. ಅದು ಅಗಲವಾಗಿ ಪೈಪು ತುಂಬ ಹರಿಯಿತು. ಮೆರ್ವಿನ್ ಮಕ್ಕಳಂತೆ ಅತ್ತುಬಿಟ್ಟರು. ನನ್ನ ಕಣ್ಣೂ ಒದ್ದೆಯಾಯಿತು, ಅದರಲ್ಲಿ ನಾಚಿಕೆ ಏನು?

ಸಲಾಜಾರ್ ಮೂರನೇ ಸಾಲಿಗೆ ಅನುಮತಿ ಬರೆದು, ಕೊನೆಯಲ್ಲಿ ದುರಸ್ತಿ ಮಾಡಿದವರು ಯಾರು, ಯಾವ ಕಂಪನಿ ಎಂದು ಕೇಳಿದರು. ಡ್ವೇನ್ ಗಂಟಲು ಸರಿಮಾಡಿಕೊಂಡು, ನಮ್ಮ ಪಾರ್ಕಿನ ಸಿಬ್ಬಂದಿ ಎಂದು ಶುರು ಮಾಡಿದ. ಐಲೀನ್ ನಳಿಕೆಯ ನಡುವೆ ಉಸಿರು ಕೂಡಿಸಿಕೊಂಡು, "ಸಿಬ್ಬಂದಿಗೆ ಹೆಸರಿದೆ. ಹೆಸರು ಬರೀರಿ," ಎಂದರು.

ಒಪಲ್ ಒಂದೊಂದೇ ಅಕ್ಷರ ಹೇಳಿದರು. ಸಲಾಜಾರ್ ಬರೆದು ಮುಗಿಸಿದ ಮೇಲೆ ಒಪಲ್, ಒಮ್ಮೆ ನೋಡಬಹುದಾ ಎಂದು ಕೇಳಿ, ಗವುಸು ಕಳಚಿ, ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕಾಗದ ತೆಗೆದುಕೊಂಡರು.

"ಹದಿನಾಲ್ಕು ಚಳಿಗಾಲ," ಎಂದರು. "ಕೆಲಸ ಮಾಡಿದವರು ಅನ್ನೋ ಜಾಗದಲ್ಲಿ ನನ್ನ ಹೆಸರು ಚೆನ್ನಾಗಿ ಕಾಣುತ್ತೆ, ಅಲ್ವಾ?"