ಬೇರೆ ಬೇರೆ ಕರಗಿದ್ದು ಒಟ್ಟಿಗೆ ಕರಗಲಿಲ್ಲ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬಿಳಿಗೆರೆಯ ಬಾಳೆ ತೋಟದಲ್ಲಿ ನಮ್ಮಣ್ಣನ ಬಕೆಟ್‌ಗೆ ಅಡ್ಡ ನಿಂತೆ. ಡ್ರಿಪ್‌ನ ಗೊಬ್ಬರದ ಟ್ಯಾಂಕಿಗೆ ಕ್ಯಾಲ್ಸಿಯಂ ನೈಟ್ರೇಟ್ ಆಗಲೇ ಸುರಿದಿದ್ದ. ಬಕೆಟ್‌ನಲ್ಲಿ ಮೆಗ್ನೀಷಿಯಂ ಸಲ್ಫೇಟ್ ಕರಗಿಸಿಕೊಂಡಿದ್ದ.

"ಸುರೀಬೇಡ ಕಣಣ್ಣ. ಎರಡೂ ಸೇರಿದ್ರೆ ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತೆ. ಅದು ಸರಿಯಾಗಿ ಕರಗಲ್ಲ, ಪೈಪಿನ ತೂತೆಲ್ಲ ಕಟ್ಕೊಳ್ಳುತ್ತೆ."

"ಎರಡೂ ಚೆನ್ನಾಗೇ ಕರಗೋಗವೆ, ಕಣ್ ಕಾಣಲ್ವ? ಕರೆಂಟ್ ಓಯ್ತದೆ, ಅತ್ಲಾಗ್ ಸರಿ ಅಮ್ಮಿ."

ನಾನು ಸರಿಯಲಿಲ್ಲ. ಅವನ ದನಿ ಏರಿತು. ಅತ್ತಿಗೆ ಕಳೆ ಕೀಳುವುದನ್ನು ಬಿಟ್ಟು ಎದ್ದು ನಿಂತರು. ಖಾಲಿ ನೀರಿನ ಬಾಟಲಿಗೆ ಟ್ಯಾಂಕಿನದು ಅರ್ಧ, ಬಕೆಟ್ಟಿನದು ಅರ್ಧ ಹಾಕಿದೆ. ಹದಿನಾಲ್ಕು ವರ್ಷದಿಂದ ಕಾಲೇಜಿನಲ್ಲಿ ಇದೇ ಪಾಠ ಹೇಳುತ್ತಿದ್ದರೂ ಬಾಟಲಿಯಿಂದ ಕಣ್ಣು ಕೀಳಲಾಗಲಿಲ್ಲ. ಬಾಟಲಿ ತಿಳಿಯಾಗಿಯೇ ಉಳಿದಿದ್ದರೆ ನಾನು ಆ ತೋಟಕ್ಕೆ ಮತ್ತೆ ಹೋಗುವಂತಿರಲಿಲ್ಲ.

ನೋಡನೋಡುತ್ತಲೇ ಅದು ಮಜ್ಜಿಗೆಯಂತೆ ಬೆಳ್ಳಗಾಯಿತು.

ಅಣ್ಣ ಬಕೆಟ್ ಕೆಳಗಿಟ್ಟ. ಫೋಟೋ ತೆಗೆದು ನಂಜನಗೂಡಿನ ಗೊಬ್ಬರದ ಅಂಗಡಿಯವನಿಗೆ ಕಳಿಸಿ, ಸ್ಪೀಕರ್ ಹಾಕಿ ಫೋನ್ ಮಾಡಿದ. ಆ ಕಡೆಯಿಂದ ಉತ್ತರ ಬಂತು: "ಒಟ್ಗೆ ಬುಡಬೇಡಿ ಸಾ. ಅದ್ನ ಇವತ್ತು ಬುಡಿ, ಇದ್ನ ನಾಳಿಕ್ಕೆ ಬುಡಿ."

"ನೋಡ್ದಾ? ತಿಳ್ದೋರು ಯೋಳ್ಬೇಕು," ಅಂದ ಅಣ್ಣ ನನಗೆ.

ಆ ತಿಳಿದವನು ಪಿಯುಸಿಯಲ್ಲಿ ನನ್ನ ವಿದ್ಯಾರ್ಥಿ. ಕೆಮಿಸ್ಟ್ರಿ ಪರೀಕ್ಷೆಗೆ ಮೂರು ಸಲ ಕೂತಿದ್ದ.