ಮೊಣಕೈ ಎತ್ತರದ ಅಡುಗೆ ಕಟ್ಟೆ

ನನ್ನ ಸೋದರಮಾವನಿಗೆ ನಮ್ಮ ಕಡೆಯವರು ಇಟ್ಟ ಹೆಸರು ಬೀಗದಕೈ. ಅವರ ಪ್ಯಾಂಟಿನ ಒಂದು ಜೇಬು ಸದಾ ಜೋತುಬಿದ್ದಿರುತ್ತದೆ. ಅದರ ತುಂಬ ಊರವರ ಮನೆಗಳ ಕೀಲಿ. ಹಳೇ ಮನೆ ಕೊಂಡು, ಸೋರುವುದನ್ನು ನಿಲ್ಲಿಸಿ, ಬಣ್ಣ ಹೊಡೆಸಿ ಮಾರುವುದು ಅವರ ಕಸುಬು. ಕೆಲವು ಮನೆಗಳನ್ನು ಕೊಳ್ಳುವುದೂ ಇಲ್ಲ. ಮುಂಗಡ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡು, ನೋಂದಣಿಯ ದಿನ ಬರುವುದರೊಳಗೆ ಆ ಅಗ್ರಿಮೆಂಟನ್ನೇ ಇನ್ನೊಬ್ಬರಿಗೆ ದಾಟಿಸಿಬಿಡುತ್ತಾರೆ. ನಡುವೆ ಉಳಿದದ್ದು ಅವರ ಲಾಭ. ಇದರಲ್ಲಿ ಮೋಸವಿಲ್ಲ. ಮಾವ ಗೋಡೆಯ ತೇವವನ್ನು ಬಣ್ಣದಡಿ ಮುಚ್ಚಿಟ್ಟವರಲ್ಲ, ಹೇಳಿದ ಬೆಲೆಯಿಂದ ಹಿಂದೆ ಸರಿದವರೂ ಅಲ್ಲ. ಹಾಗೆ ಒಮ್ಮೆ ಸರಿದವನ ಹತ್ತಿರ ಮರುದಿನ ಯಾರೂ ಬರುವುದಿಲ್ಲವಂತೆ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅವರ್ಯಾರೂ ಮನೆ ಮಾರಿ ನೋಡಿಲ್ಲ," ಎಂದು ಅವರು ನಗುತ್ತಿದ್ದರು. ನಿಜ ಹೇಳಬೇಕೆಂದರೆ ಮಾರುತ್ತಿದ್ದವರು ಮಾವನಲ್ಲ, ಅತ್ತೆ. ಖಾಲಿ ಮನೆ ಹಲ್ಲಿಲ್ಲದ ಬಾಯಿಯ ಹಾಗೆ, ನೋಡಿದವರು ಮುಖ ತಿರುಗಿಸುತ್ತಾರೆ ಎಂಬುದು ಮಾವನ ನಂಬಿಕೆ. ಅದಕ್ಕೇ ರಿಪೇರಿ ಮುಗಿಯುತ್ತಿದ್ದಂತೆ ಗಂಡ ಹೆಂಡತಿ ಇಬ್ಬರೂ ಆ ಮನೆಗೆ ಹೋಗಿ ಸಂಸಾರ ಹೂಡುವುದು. ಕೊಳ್ಳುವವರು ಬರುವ ಹೊತ್ತಿಗೆ ಅತ್ತೆ ಈರುಳ್ಳಿ ಹುರಿಯುತ್ತಿರಬೇಕು, ಹಿತ್ತಲ ಹಗ್ಗದ ಮೇಲೆ ಒಗೆದ ಬಟ್ಟೆ ಇರಬೇಕು. ಮಾವ ಕೋಣೆ ತೋರಿಸುತ್ತಾ ಬಂದಾಗ ಅತ್ತೆ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, "ಬನ್ನಿ ಬನ್ನಿ, ಕೂತ್ಕೊಳ್ಳಿ" ಅನ್ನಬೇಕು. ಬಂದವರಿಗೆ ತಮ್ಮ ಮುಂದಿನ ಹತ್ತು ವರ್ಷ ಅಲ್ಲೇ ಕಣ್ಣಿಗೆ ಕಟ್ಟುತ್ತಿತ್ತು. ಮನೆ ಹೋಗುತ್ತಿತ್ತು. ಅತ್ತೆ ಪಾತ್ರೆ ಕಟ್ಟುತ್ತಿದ್ದರು.

ಚಿಕ್ಕವಳಿದ್ದಾಗ ನನಗೆ ಇದೊಂದು ಮೋಜು. ಪ್ರತಿ ರಜೆಗೂ ಮಾವನದು ಹೊಸ ಮನೆ, ಹೊಸ ಮೆಟ್ಟಿಲು, ಅವಿತುಕೊಳ್ಳಲು ಹೊಸ ಮೂಲೆ. ಅಮ್ಮ ಮಾತ್ರ ತಮ್ಮನನ್ನು ಬೈಯುತ್ತಿದ್ದಳು: "ಬೆಕ್ಕು ಮರೀನ ಏಳು ಮನೆ ತಿರುಗಿಸೋ ಹಾಗೆ ಹೆಂಡ್ತೀನ ತಿರುಗಿಸ್ತೀಯಲ್ಲೋ, ನಾಚಿಕೆ ಆಗಲ್ವಾ?"

"ಏಳಾ? ಅದು ಯಾವಾಗ್ಲೋ ಮುಗೀತು ಬಿಡಕ್ಕ," ಎನ್ನುತ್ತಿದ್ದರು ಮಾವ.

ಅತ್ತೆ ಕುಳ್ಳು. ಯಾವ ಮನೆಗೆ ಹೋದರೂ ಅಡುಗೆ ಕಟ್ಟೆ ಅವರ ಎದೆಮಟ್ಟಕ್ಕೆ ಬರುತ್ತಿತ್ತು. ಒಂದು ಮರದ ಮಣೆ ಹಾಕಿಕೊಂಡು, ಅದರ ಮೇಲೆ ನಿಂತು ಅಡುಗೆ ಮಾಡುವುದು. ಮನೆ ಬದಲಾದಾಗ ಪಾತ್ರೆಗಳ ಜೊತೆ ಆ ಮಣೆಯೂ ಗಾಡಿ ಹತ್ತುವುದು. ಕಟ್ಟೆಯನ್ನು ಸ್ವಲ್ಪ ತಗ್ಗಿಸಬಾರದೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಮಾವ, "ಕೊಳ್ಳೋರು ಎಷ್ಟುದ್ದ ಇರ್ತಾರೋ ಯಾರಿಗೆ ಗೊತ್ತು ಮಗಳೇ?" ಎಂದಿದ್ದರು.

ನಾನು ಬಸುರಿಯಾಗಿದ್ದ ವರ್ಷ ಅವರು ಒಂದು ಓಣಿಯ ಕೊನೆಯ ಮನೆ ಕೊಂಡರು. ದೊಡ್ಡದೇನಲ್ಲ. ಎರಡು ಕೋಣೆ, ಬೆಳಗಿನ ಬಿಸಿಲು ಬೀಳುವ ಹಜಾರ, ಪಾತ್ರೆ ತೊಳೆಯುವ ಕಡೆಯ ಕಿಟಕಿಯಿಂದ ಕಾಣುವ ನಿಂಬೆ ಗಿಡ. ಮೊದಲ ದಿನವೇ ಅತ್ತೆ ಆ ಕಿಟಕಿಯ ಹತ್ತಿರ ನಿಂತು, "ರೀ, ಇದನ್ನ ಇಟ್ಕೊಳ್ಳೋಣ," ಎಂದರು.

ಮಾವ ಕೇಳಿಸದವರಂತೆ ಪೈಪು ಬಡಿದು ನೋಡುತ್ತಿದ್ದರು.

"ನಿಮಗೇ ಹೇಳ್ತಿರೋದು. ಕಟ್ಟೋದು, ಬಿಚ್ಚೋದು... ನಂಗೆ ಸಾಕಾಗಿದೆ. ಇದೊಂದು ನಮಗಿರ್ಲಿ."

ಅತ್ತೆ ಅದುವರೆಗೆ ತಮಗೆಂದು ಏನನ್ನೂ ಕೇಳಿದವರಲ್ಲ. ಮಾವ ಪೈಪು ಬಿಟ್ಟು ಎದ್ದು ನಿಂತು, "ಆಯ್ತು, ಇದು ನಿಂದೇ," ಎಂದರು. ಆಗ ಅವರು ಮನಸ್ಸಿನಿಂದಲೇ ಹೇಳಿದ್ದು. ಇವತ್ತಿಗೂ ನನಗೆ ಅದರಲ್ಲಿ ಅನುಮಾನವಿಲ್ಲ. ಮರುದಿನವೇ ಗಾರೆಯವನನ್ನು ಕರೆಸಿ ಹಳೇ ಕಟ್ಟೆ ಒಡೆಸಿದರು. ಗಾರೆಯವನು ಅತ್ತೆಯನ್ನು ಗೋಡೆಗೆ ನಿಲ್ಲಿಸಿ, "ಅಮ್ಮಾ, ಮೊಣಕೈ ಮಡಚಿ, ಅಲುಗಾಡ್ಬೇಡಿ," ಎಂದು ಪೆನ್ಸಿಲಿನಿಂದ ಗೆರೆ ಎಳೆದ. ಎಳೆದವನು ಗೆರೆ ನೋಡಿ ತಲೆ ಕೆರೆದುಕೊಂಡ.

"ಇಷ್ಟು ಕೆಳಗೆ ಕಟ್ಟಿದ್ರೆ ಸಾಹೇಬ್ರು ಸೊಂಟ ಬಗ್ಗಿಸಿ ಅಡುಗೆ ಮಾಡ್ಬೇಕಾಗುತ್ತಲ್ಲಮ್ಮಾ?"

"ಅವರು ಅಡುಗೆಮನೆಗೆ ಬರೋದು ಅಳತೆ ತಗೊಳ್ಳೋಕೆ ಮಾತ್ರ. ನೀನು ಕಟ್ಟಪ್ಪ," ಎಂದರು ಅತ್ತೆ.

ಹಸಿ ಬಣ್ಣದ ವಾಸನೆ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲವೆಂದು ಎಲ್ಲೋ ಓದಿದ್ದ ನಾನು ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಆದರೂ ನಕ್ಕೆ. ಅತ್ತೆ ಮಣೆಯನ್ನು ಹಿತ್ತಲಿಗೆ ಹಾಕಿದರು.

ಹೆರಿಗೆಯಾದ ಮೇಲೆ ನನ್ನ ಹಗಲುಗಳೆಲ್ಲ ಆ ಮನೆಯಲ್ಲೇ ಕಳೆದವು. ಮಗು ಅತ್ತರೆ ಭಯ, ಅಳದಿದ್ದರೆ ಇನ್ನೂ ಭಯ ಎಂಬಂತಿದ್ದ ಕಾಲ ಅದು. ನಮ್ಮ ಬಾಡಿಗೆ ಮನೆಯ ಮೆಟ್ಟಿಲು, ಸ್ವಿಚ್ಚು, ಪಕ್ಕದವರ ನಾಯಿ ಎಲ್ಲವೂ ನನ್ನ ಮಗುವಿನ ಮೇಲೇ ಕಣ್ಣಿಟ್ಟಿವೆ ಅನ್ನಿಸುತ್ತಿತ್ತು. ಅಲ್ಲಿ ಹಾಗಲ್ಲ. ಅತ್ತೆ ಹಜಾರದ ಬಿಸಿಲಲ್ಲಿ ಹಾಸಿಗೆ ಹಾಸಿ ಮಗುವನ್ನು ಮಲಗಿಸಿ, ಕಟ್ಟೆಯ ಮುಂದೆ ನೆಲಕ್ಕೆ ಕಾಲೂರಿ ನಿಂತು ತರಕಾರಿ ಹೆಚ್ಚುತ್ತಿದ್ದರು. ಏನೋ ಗುನುಗುತ್ತಿದ್ದರು. ಅವರು ಗುನುಗುವುದನ್ನು ನಾನು ಮೊದಲು ಕೇಳಿದ್ದು ಆ ಮನೆಯಲ್ಲಿ.

ಹೀಗಿರುವಾಗ ಎದುರು ಮನೆ ಮಾರಾಟಕ್ಕೆ ಬಂತು. ಅದನ್ನೂ ಮಾವನೇ ಹಿಡಿದರು. ಒಂದು ಮಧ್ಯಾಹ್ನ ಅದನ್ನು ನೋಡಲು ಗಂಡ ಹೆಂಡತಿ ಬಂದರು. ಆ ಖಾಲಿ ಮನೆಯಲ್ಲಿ ನೀರೂ ಇರಲಿಲ್ಲ; ಹೆಂಗಸಿಗೆ ಬಾಯಾರಿತ್ತು. ಅತ್ತೆ ಬಾಗಿಲಿಗೆ ಬಂದು, "ಬಿಸಿಲಲ್ಲಿ ಯಾಕೆ ನಿಂತಿದೀರ, ಒಳಗೆ ಬನ್ನಿ," ಎಂದು ಕರೆದರು. ಅಂದು ಹಾಗೆ ಕರೆಯಿರಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಮಗುವಿನ ಪಕ್ಕ ಕೂತಿದ್ದೆ.

ಆ ಹೆಂಗಸೂ ಅತ್ತೆಯಷ್ಟೇ ಕುಳ್ಳು. ನೀರು ಕುಡಿದು ಲೋಟ ಕಟ್ಟೆಯ ಮೇಲಿಟ್ಟವರು ಹಾಗೇ ನಿಂತುಬಿಟ್ಟರು. ಮೊಣಕೈ ಊರಿ ನೋಡಿದರು. ಆಮೇಲೆ ಎರಡೂ ಅಂಗೈಯಿಂದ ಕಲ್ಲು ಸವರಿದರು.

"ಅಕ್ಕಾ, ಇದೇನು ನನಗೇ ಅಂತ ಕಟ್ಟಿದ ಹಾಗಿದೆ! ನಮ್ಮನೇಲಿ ಬಾಣಲೇಲಿ ಏನಿದೆ ಅಂತ ನೋಡೋಕೂ ತುದಿಗಾಲಲ್ಲಿ ನಿಲ್ಬೇಕು."

ಅತ್ತೆಗೆ ಹಿಗ್ಗು. "ನನ್ನ ಅಳತೆಗೆ ಕಟ್ಟಿಸಿದ್ದು ಕಣಮ್ಮ," ಎಂದು ಕೆಳಗಿನ ಡಬ್ಬಿಗಳ ಸಾಲು ತೋರಿಸಿದರು, ಕಿಟಕಿ ತೆರೆದು ನಿಂಬೆ ಗಿಡ ತೋರಿಸಿದರು. ಇಬ್ಬರೂ ಅಲ್ಲೇ ಮಾತಿಗೆ ನಿಂತರು.

ಹಜಾರದಲ್ಲಿ ಆ ಗಂಡ ಸುತ್ತ ಕಣ್ಣಾಡಿಸಿ, "ಸಾರ್, ಎದುರು ಮನೆ ಇರ್ಲಿ. ಇದನ್ನೇ ಕೊಡೋದಾದ್ರೆ ಹೇಳಿ," ಎಂದರು.

"ಇದಾ?" ಮಾವ ನಕ್ಕರು. ನಗುನಗುತ್ತಲೇ ಒಂದು ಬೆಲೆ ಹೇಳಿದರು. ಆ ಓಣಿಯಲ್ಲಿ ಯಾರೂ ಕೇಳಿರದ ಬೆಲೆ.

ಆತ ಅಡುಗೆಮನೆಯ ಕಡೆ ನೋಡಿದರು. ಅಲ್ಲಿಂದ ಹೆಂಡತಿ ಹೂಂ ಎಂದು ತಲೆಯಾಡಿಸಿದರು.

"ಆಯ್ತು ಸಾರ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾವನ ಮುಖದಲ್ಲಿ ನಗು ಇನ್ನೂ ಇತ್ತು, ಆದರೆ ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಅವರು ಅತ್ತೆಯನ್ನು ನೋಡಿದರು. ಅತ್ತೆ ಬೇಡ ಎಂದಿದ್ದರೆ ಅದನ್ನೇ ನೆಪಮಾಡಿ, ಹೆಂಡತಿ ಒಪ್ಪುತ್ತಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದರೇನೋ. ಅತ್ತೆ ಒಲೆ ಆರಿಸಿ, "ನಿಮ್ಮಿಷ್ಟ," ಎಂದರು.

ಬಂದವರು ಹೋದ ಮೇಲೆ ಮಾವ ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ಅವರನ್ನ ಓಡಿಸೋಕೆ ಅಂತ ಅಷ್ಟು ಹೇಳ್ದೆ ಕಣೇ. ಒಪ್ಕೋತಾರೆ ಅಂತ ನಾನೇನು ಕನಸು ಕಂಡಿದ್ನಾ?"

"ಓಡಿಸೋಕೆ 'ಇಲ್ಲ' ಅಂದಿದ್ರೆ ಸಾಕಿತ್ತು," ಎಂದರು ಅತ್ತೆ. "ಎರಡೇ ಅಕ್ಷರ."

ಅವರು ಜಗಳವಾಡಲಿಲ್ಲ, ಅಳಲಿಲ್ಲ. ಮನೆ ಬಿಟ್ಟುಕೊಟ್ಟು ಇಬ್ಬರೂ ಒಂದು ಮಹಡಿ ಮನೆಗೆ ಬಾಡಿಗೆಗೆ ಹೋದರು. ಆಮೇಲೆ ಮಾವ ಯಾವ ಮನೆ ರಿಪೇರಿ ಮಾಡಿಸಿದರೂ ಅತ್ತೆ ಅಲ್ಲಿಗೆ ಕಾಲಿಡಲಿಲ್ಲ. ಖಾಲಿ ಮನೆಗಳು ಹೋಗುವುದು ತಡವಾಗುತ್ತಾ ಬಂತು. ಮಾವ ಹೆಚ್ಚುಹೆಚ್ಚಾಗಿ ಅಗ್ರಿಮೆಂಟ್ ದಾಟಿಸುವ ಕೆಲಸವನ್ನೇ ಹಿಡಿದರು. ನಮ್ಮ ಮನೆಗೆ ಬಂದರೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಒಮ್ಮೆ ಹೇಳಿದರು, ಓಣಿಯ ಕೊನೆಯ ಮನೆಗೆ ಹೋಗಿ ಬಂದರಂತೆ. ವಾಪಸ್ ಕೊಡಿ, ನೀವು ಹೇಳಿದಷ್ಟು ಕೊಡುತ್ತೇನೆ ಎಂದರಂತೆ. ಆ ಹೆಂಗಸು ಬಾಗಿಲಲ್ಲೇ, "ಇಲ್ಲ ಸಾರ್, ಎಷ್ಟು ಕೊಟ್ರೂ ಇಲ್ಲ," ಎಂದರಂತೆ.

"ನೋಡು ಮಗಳೇ, ಆಯಮ್ಮನಿಗೆ ಎಷ್ಟು ಸಲೀಸಾಗಿ ಬಂತು ಆ ಮಾತು. ನಂಗೆ ಬರ್ಲಿಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅಮ್ಮ ಒಳಗಿನಿಂದ ಗೊಣಗಿದಳು. ಮಾವ ಕೇಳಿಸಿಕೊಂಡರು. ಮಗುವನ್ನು ಇನ್ನೊಂದು ತೊಡೆಗೆ ಬದಲಾಯಿಸಿಕೊಂಡರು.

ಹೋದ ತಿಂಗಳು ಅವರು ಇನ್ನೊಂದು ಮನೆ ಹುಡುಕಿದರು. ನಿಜವಾಗಿಯೂ ಚೆನ್ನಾಗಿತ್ತು, ನಾನೇ ಹೋಗಿ ಗೋಡೆಗಳಿಗೆ ಕೈಯಿಟ್ಟು ತೇವ ಇದೆಯೇ ಎಂದು ನೋಡಿ ಬಂದೆ. ಈ ಸಲ ಅತ್ತೆಯ ಹೆಸರಿಗೇ ನೋಂದಣಿ. ಮುಂಗಡ ಕೊಟ್ಟಾಗಿತ್ತು, ದಿನ ಗೊತ್ತಾಗಿತ್ತು. ಅತ್ತೆ ಒಂದು ಸಹಿ ಹಾಕಿದರೆ ಸಾಕು. ಅಂದು ಬೆಳಿಗ್ಗೆ ಮಾವ ಕೆಳಗೆ ಕಾರಿನಲ್ಲಿ ಕೂತು ನನ್ನನ್ನು ಮೇಲೆ ಕಳಿಸಿದರು. "ನೀನು ಕರೆದ್ರೆ ಬರ್ತಾಳೆ. ಮಗೂನೂ ಕರ್ಕೊಂಡು ಹೋಗು."

ಅತ್ತೆ ಮಣೆಯ ಮೇಲೆ ನಿಂತು ಅಕ್ಕಿ ತೊಳೆಯುತ್ತಿದ್ದರು. ಹೊರಡುವ ಸೀರೆ ಉಟ್ಟಿರಲಿಲ್ಲ.

"ಅತ್ತೆ, ಮಾವ ಕಾಯ್ತಿದಾರೆ. ಈ ಸಲ ನಿಮ್ಮ ಹೆಸರಲ್ಲೇ ಇರುತ್ತೆ. ನೀವು ಸಹಿ ಹಾಕದೆ ಯಾರೂ ಏನೂ ಮಾಡೋಕಾಗಲ್ಲ."

"ಅದಕ್ಕೇ ಬೇಡ ಅಂದಿದ್ದು ಪುಟ್ಟಿ." ಅವರು ನೀರು ಬಗ್ಗಿಸಿ, ಕೈ ಒರೆಸಿಕೊಂಡು ಮಗುವಿನ ಕೆನ್ನೆ ಮುಟ್ಟಿದರು. "ನನ್ನ ಹೆಸರಲ್ಲಿದ್ರೆ ಮಾರೋ ದಿನ ನನ್ನ ಸಹಿ ಕೇಳ್ತಾರೆ. ಕೇಳಿದ್ರೆ ನಾನು ಹಾಕ್ತೀನಿ, ನಂಗೊತ್ತು. ಆಗ ಮಾರಿದವಳು ನಾನಾಗ್ತೀನಿ. ಇದುವರೆಗೂ ಅವರು ಮಾರಿದ್ರು ಅಂತ ಹೇಳ್ಕೊಂಡು ಇದೀನಲ್ಲ, ಅಷ್ಟಾದ್ರೂ ಇರ್ಲಿ."

"ಇನ್ನು ಮಾರಲ್ಲ ಅತ್ತೆ ಅವರು. ತುಂಬ ನೊಂದಿದಾರೆ."

"ನೊಂದಿದಾರೆ. ಗೊತ್ತು," ಎಂದರು. ಅಕ್ಕಿಗೆ ಮತ್ತೆ ನೀರು ಹಾಕಿದರು.

ಕೆಳಗೆ ಬಂದು, ಮಗುವನ್ನು ಹಿಂದಿನ ಸೀಟಿಗೆ ಕಟ್ಟಿ ಕೂರಿಸಿ, ಅತ್ತೆಯ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಮಾವ ಕಾರಿನ ಕೀಲಿ ಹೊರಗೆಳೆದು ಜೇಬಿಗೆ ಹಾಕಿಕೊಂಡರು. "ಅವಳಿಲ್ಲದೆ ನಾನೊಬ್ಬ ಆ ಮನೇಲಿ ಏನ್ ಮಾಡ್ಲಿ," ಎಂದರು. ನೋಂದಣಿ ಕಚೇರಿಯಲ್ಲಿ ಮನೆ ಮಾರುವವರು ಕಾಯುತ್ತಿದ್ದರು, ಅವರಿಗೆ ಮಾತು ಕೊಟ್ಟಾಗಿತ್ತು. ಮಾವ ಫೋನ್ ತೆಗೆದು, ಮನೆ ಹುಡುಕುತ್ತಿದ್ದ ಪರಿಚಯದ ಒಬ್ಬರಿಗೆ ಹಚ್ಚಿದರು, ಆಮೇಲೆ ಇನ್ನೊಬ್ಬರಿಗೆ. ನಾನು ಬೇಡ ಮಾವ, ಇವತ್ತೊಂದು ದಿನ ತಡೀರಿ ಎಂದೆ. ಅಷ್ಟರಲ್ಲಿ ಆ ಕಡೆಯವರು ಒಪ್ಪಿಯಾಗಿತ್ತು.

ಮಧ್ಯಾಹ್ನ ನಾವು ಊಟಕ್ಕೆ ಮೇಲೆ ಹೋದಾಗ ಮಾವ ಬಾಗಿಲಲ್ಲೇ ನಿಂತರು. "ಆ ಅಗ್ರಿಮೆಂಟ್ ದಾಟಿಸಿಬಿಟ್ಟೆ ಕಣೇ. ನೀನು ಬರ್ಲಿಲ್ಲ, ಅದಕ್ಕೆ..."

ಅತ್ತೆ ತಟ್ಟೆ ಹಾಕುತ್ತಿದ್ದರು. ಸಿಟ್ಟಿಲ್ಲ, ನೋಡಿದಿರಾ ಎಂಬ ಕೊಂಕೂ ಇಲ್ಲ. ಇಷ್ಟು ವರ್ಷವೂ ಒಂದೊಂದು ಮನೆ ಮಾರಿದಾಗ ಕೇಳುತ್ತಿದ್ದ ದನಿಯಲ್ಲೇ ಕೇಳಿದರು.

"ಒಳ್ಳೆ ಬೆಲೆ ಬಂತಾ?"

ಮಾವ ಚಪ್ಪಲಿಯನ್ನೂ ಕಳಚದೆ ಅಲ್ಲೇ ನಿಂತಿದ್ದರು.