ಹಳದಿ ಗುರುತಿನ ಕಾಟ್ಲಾ

ಕಬಿನಿ ಹಿನ್ನೀರಿನಲ್ಲಿ ಮೀನೆಷ್ಟಿವೆ ಎಂಬ ಪ್ರಶ್ನೆಗೆ ಯತೀಶ್ ಬರುವವರೆಗೂ ಉತ್ತರ ಸುಲಭವಾಗಿತ್ತು. ಗುತ್ತಿಗೆದಾರರನ್ನು ಕೇಳುವುದು, ಅವರು ಆಕಾಶ ನೋಡಿ ಒಂದು ಸಂಖ್ಯೆ ಹೇಳುವುದು, ಅದು ವರದಿಯಲ್ಲಿ ಅಚ್ಚಾಗುವುದು. ಈ ಪದ್ಧತಿಯನ್ನು ಬುಡಸಮೇತ ಕೀಳಲೆಂದೇ ಯತೀಶ್ ಹ್ಯಾಂಡ್‌ಪೋಸ್ಟ್ ಊರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗೆ ರೂಮು ಹಿಡಿದರು. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ಪಿಎಚ್‌ಡಿ ಇನ್ನೂ ಆಗಬೇಕಿತ್ತು. ಅವರ ಟೋಪಿಗೆ ಮಾತ್ರ ಆಗಲೇ ಆಗಿಬಿಟ್ಟಂತಿತ್ತು.

"ಇದು ಪ್ರಪಂಚವೇ ಒಪ್ಪಿರೋ ವಿಧಾನ ಕಣ್ರೀ" ಎಂದು ನನಗೆ ಮೆಟ್ಟಿಲ ಮೇಲೆ ಪಾಠ ಮಾಡಿದರು. ನೂರಾರು ಕಾಟ್ಲಾ ಮೀನು ಹಿಡಿದು, ಬೆನ್ನಿಗೆ ನಂಬರಿರುವ ಹಳದಿ ಪ್ಲಾಸ್ಟಿಕ್ ಎಳೆ ಚುಚ್ಚಿ, ಮತ್ತೆ ನೀರಿಗೆ ಬಿಡುವುದು. ಆಮೇಲೆ ಬಲೆಗೆ ಬೀಳುವ ಮೀನುಗಳಲ್ಲಿ ಗುರುತಿನವು ಎಷ್ಟು ಎಂದು ನೋಡಿದರೆ ಒಟ್ಟು ಮೀನಿನ ಅಂದಾಜು ಸಿಗುತ್ತದೆ. ಮೈಸೂರಿನ ಗೈಡು ಒಂದೇ ಷರತ್ತು ಹಾಕಿದ್ದರು: ಯುಗಾದಿಯೊಳಗೆ ಗುರುತಿನ ಮೀನು ವಾಪಸು ಬರದಿದ್ದರೆ ಪಿಎಚ್‌ಡಿ ವಿಷಯವನ್ನೇ ಬಿಟ್ಟುಬಿಡಬೇಕು.

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಒಂದೂ ಬರಲಿಲ್ಲ. ಸೂತ್ರಕ್ಕೆ ಸೊನ್ನೆ ಹಾಕಿದರೆ ಕಬಿನಿಯಲ್ಲಿ ಅನಂತ ಮೀನುಗಳಿವೆ ಎಂದು ಬರುತ್ತಿತ್ತು. ಗುತ್ತಿಗೆದಾರರೂ ಅಷ್ಟು ಹೇಳಿರಲಿಲ್ಲ.

ಯತೀಶ್ ಸಿಟ್ಟಿನಲ್ಲಿ ಎನ್. ಬೇಗೂರಿನ ಕಡೆ ಹೊರಟರು. ಟೀ ಕುಡಿಸುತ್ತೇನೆಂದು ನನ್ನನ್ನೂ ಎಳೆದುಕೊಂಡು ಹೋದರು. ದಡದಲ್ಲಿ ಸಿದ್ದಯ್ಯ ಬಲೆ ಬಿಡಿಸುತ್ತಿದ್ದರು. ಆ ಕಡೆ ಮೀನು ಹಿಡಿಯುವವರಿಗೆಲ್ಲ ಹಿರಿಯರು.

"ಹಳದಿ ಗುರುತಿನ ಮೀನು ಬಲೆಗೆ ಬಿದ್ದೇ ಇಲ್ವಾ ಸಿದ್ದಯ್ಯನವರೇ?"

"ಬೀಳ್ದೆ ಏನ್ ಸಾ? ಬೀಳ್ತವೆ."

"ಮತ್ತೆ?"

"ಕೈ ಮುಗ್ದು ಬುಟ್ಬುಡ್ತೀವಿ."

ಯತೀಶ್ ಟೋಪಿ ತೆಗೆದರು. "ತಂದುಕೊಟ್ಟರೆ ಬಹುಮಾನ ಅಂತ ಬೋರ್ಡ್ ಹಾಕಿದ್ದೀನಲ್ರೀ!"

"ದೇವ್ರ ಮೀನ್ ಕೊಟ್ಟು ಕಾಸ್ ಈಸ್ಕಳದಾ? ದೇವ್ರಿಗೆ ಬುಟ್ಟ ಬಸವನ್ನ ಯಾರಾರ ಹಿಡ್ದು ಗಾಡಿಗೆ ಕಟ್ತಾರಾ ಸಾ? ನೀವೇ ಗುರ್ತು ಆಕಿ, ನಿಮ್ ಕೈಯಾರ ಬುಟ್ಟಿದ್ದೀರಿ. ಅದ್ನ ನಾವು ಸಾರು ಮಾಡನಾ?"

"ದೇವರಿಗಲ್ಲ, ವಿಜ್ಞಾನಕ್ಕೆ ಬಿಟ್ಟಿದ್ದು!"

"ಯಾವ್ದೋ ಒಂದಕ್ಕೆ ಬುಟ್ರಲ್ಲಾ."

"ಹೋಗಲಿ, ಎಷ್ಟು ಸಿಕ್ಕಿದ್ವು, ಅದನ್ನಾದರೂ ಹೇಳಿ."

ಸಿದ್ದಯ್ಯ ಕೆನ್ನೆ ಬಡಿದುಕೊಂಡರು. "ದೇವ್ರುದ್ನ ಎಣಿಸ್ಬಾರ್ದು ಸಾ."

ಇನ್ನು ಯಾರನ್ನೂ ನಂಬುವುದಿಲ್ಲ ಎಂದು ಯತೀಶ್ ತಾವೇ ಲೈಫ್ ಜಾಕೆಟ್ ಬಿಗಿದುಕೊಂಡು ಸಿದ್ದಯ್ಯನವರ ತೆಪ್ಪ ಹತ್ತಿದರು. ಬಲೆ ಎಳೆದಾಗ ಬೆಳ್ಳಗೆ ಹೊರಳಿದ ಕಾಟ್ಲಾದ ಮೈಮೇಲೆ ಏನೋ ಹಳದಿ ಕಂಡಿತು. "ಬಂತು!" ಎಂದು ಅವರು ಕೂಗಿದ ಭರಕ್ಕೆ ತೆಪ್ಪ ಒಂದು ಸುತ್ತು ತಿರುಗಿತು.

ನಂಬರು ಹುಡುಕಿದರು. ಇರಲಿಲ್ಲ. ಅದು ಬಾಲದ ಬುಡಕ್ಕೆ ಕಟ್ಟಿದ್ದ ಅರಿಸಿನದ ದಾರ.

"ಇದ್ಯಾರು ಕಟ್ಟಿದ್ದು?"

"ನಮ್ ಮಂಗಳಗೌರಿ ಸಾ" ಎಂದರು ಸಿದ್ದಯ್ಯ, ಹೆಂಡತಿಯ ಹೆಸರು ಹೇಳಲು ಸ್ವಲ್ಪ ನಾಚಿಕೊಂಡು. "ಮಗ್ಳು ಸೌಂದರ್ಯ ಎಸ್ಸೆಸ್ಸೆಲ್ಸಿ ಪಾಸಾಗ್ಲಿ ಅಂತ ಬುಟ್ಟವ್ಳೆ. ಊರೋರೆಲ್ಲ ಸುರು ಹಚ್ಕಂಡವ್ರೆ. ನಿಮ್ಮಂತ ಓದಿರೋರೇ ಬುಟ್ಟವ್ರೆ ಅಂದ್ಮೇಲೆ ಇನ್ನೇನ್ ಸಾ?"

ಅಲ್ಲಿಯವರೆಗೆ ಗುರುತಿನ ಮೀನು ಬರುತ್ತಿಲ್ಲ ಎಂಬುದೊಂದೇ ಕಷ್ಟವಿತ್ತು. ಈಗ ಅವರು ಹಾಕದ ಗುರುತಿನ ಮೀನುಗಳೂ ಸೇರಿಕೊಂಡಿದ್ದವು. ಯತೀಶ್ ಏನೋ ಹೇಳಲು ಬಾಯಿ ತೆರೆದರು, ಮೀನೂ ತೆರೆಯಿತು.

"ಬುಟ್ಬುಡಿ ಸಾ, ಉಸ್ರು ಕಟ್ತದೆ. ಒಂದೇ ಕೈಯಲ್ಲಲ್ಲ, ಎಲ್ಡೂ ಕೈಯಲ್ಲಿ."

ಎರಡೂ ಕೈಯಲ್ಲಿ ಬಿಟ್ಟರು.

ಯುಗಾದಿಯ ದಿನ ಫೋನಿನಲ್ಲಿ ಗೈಡು ಬೈಯಲಿಲ್ಲವಂತೆ, ನಕ್ಕರಂತೆ. ನಮ್ಮ ಮನೆಯ ಒಬ್ಬಟ್ಟನ್ನೂ ಯತೀಶ್ ಮುಟ್ಟಲಿಲ್ಲ. ಕೊನೆಗೆ, ಗುರುತಿನ ಬಣ್ಣ ಬದಲಿಸಿ ನೋಡು ಎಂದು ಗೈಡಿನಿಂದ ಗೌರಿ ಹಬ್ಬದವರೆಗೆ ವಾಯಿದೆ ಸಿಕ್ಕಿತು.

ಈ ಸಲ ಅವರು ದಡದಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಗಂಟಲು ಬೀಳುವವರೆಗೆ ವಿವರಿಸಿದರು. ಇದು ಹರಕೆಯಲ್ಲ, ಪೂಜೆಯಲ್ಲ, ಬರೀ ಲೆಕ್ಕ. ಹಿಡಿಯಿರಿ, ತನ್ನಿ. ಎಲ್ಲರೂ ತಲೆಯಾಡಿಸಿದರು. ಸಿದ್ದಯ್ಯ ಹೊಸ ನೀಲಿ ಗುರುತೊಂದನ್ನು ಅಂಗೈಯಲ್ಲಿಟ್ಟುಕೊಂಡು, ಬಿಸಿಲಿಗೆ ಹಿಡಿದು ನೋಡಿ, ಮೆಚ್ಚಿಕೊಂಡರು.

"ಎಲ್ಲಾ ಗೊತ್ತಾಯ್ತು ಬುಡಿ ಸಾ. ನೀಲಿ ಯಾವ ದೇವ್ರಿಗೆ?"